ಕೂಸಿಗೆ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ನಾಳೆ ಬರಬಹುದಾದುದನ್ನು ಇಂದೇ ನಮ್ಮದೆಂದುಕೊಳ್ಳುವ ಆತುರವನ್ನು ಅದು ಹಳಿಯುತ್ತದೆ. ಆ ಮಟ್ಟಿಗೆ ಅದು ವಿವೇಕವೇ ಸರಿ. ಎಷ್ಟೋ ಶಿಶುಗಳು ಹುಟ್ಟಿಯೂ ಉಳಿಯದಿದ್ದ ಕಾಲದಲ್ಲಿ ಬರಿದಾದ ತೊಟ್ಟಿಲನ್ನು ನೋಡುವ ಸಂಕಟಕ್ಕಿಂತ ತೊಟ್ಟಿಲನ್ನು ತರದೆ ಇರುವುದೇ ಲೇಸೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಂಯಮವು ಬೆಳೆದು, ಹೆರಿಗೆಯ ವಿಷಯವಾಗಿ ಏನನ್ನೂ ಮುಂಚಿತವಾಗಿ ಆಡಬಾರದು, ಆಡಿದರೆ ಅಮಂಗಲ ಎಂಬಲ್ಲಿಗೆ ಮುಟ್ಟಿದರೆ ಅದನ್ನೂ ವಿವೇಕವೆನ್ನಬಹುದೆ?

ಸಿದ್ಧತೆಯಲ್ಲಿ ಎರಡು ಬಗೆಯುಂಟು. ಕುಲಾವಿಯು ಆಸೆಯ ಸಿದ್ಧತೆ. ಕೂಸು ಬಂದ ಮೇಲೆ ಹೊಲಿಸಿದರೂ ಕೇಡಿಲ್ಲ. ರಕ್ತ ಕೊಡತಕ್ಕವರು ಯಾರು, ನಡುರಾತ್ರಿ ನೋವು ಕಾಣಿಸಿದರೆ ವಾಹನ ಯಾವುದು, ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆ ಎಲ್ಲಿದೆ, ಇವು ಭಯದ ಸಿದ್ಧತೆ. ಇವನ್ನು ಆಮೇಲೆ ಮಾಡುವಂತಿಲ್ಲ. ಹೆರಿಗೆಯಾದ ಮೇಲಿನ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ಪ್ರಾಣವನ್ನು ಕೊಂಡೊಯ್ಯಬಲ್ಲದು. 2018–20ರ ಸರ್ಕಾರದ ಮಾದರಿ ನೋಂದಣಿಯ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 69 ಮಂದಿ ತಾಯಂದಿರು ತೀರಿಕೊಂಡರು. ಇಡೀ ಭಾರತದ 97ಕ್ಕಿಂತ ಇದು ಕಡಮೆಯೆಂದು ಸಮಾಧಾನಪಡುವವರು ಕೇರಳದ ಸಂಖ್ಯೆ 19 ಎಂಬುದನ್ನೂ ನೋಡತಕ್ಕದ್ದು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಾವು ನಿರಾಯಾಸವಾಗಿ ಹೇಳುತ್ತೇವೆ, ಹೇಳಿ ಸುಮ್ಮನಾಗುತ್ತೇವೆ.

ಈ ಸಿದ್ಧತೆ ಯಾರ ಧರ್ಮ? ಚೊಚ್ಚಲ ಹೆರಿಗೆ ತವರಿನದೆಂಬುದು ನಮ್ಮಲ್ಲಿ ರೂಢಿ. ತಾಯಿಯ ಮಗ್ಗುಲಿನ ನೆಮ್ಮದಿ ಅತ್ತೆಮನೆಯಲ್ಲಿ ಸುಲಭವಾಗಿ ದೊರೆಯದು, ರೂಢಿಯಲ್ಲಿ ಕರುಣೆಯಿದೆ. ಆದರೆ ಅದರಿಂದಲೇ ಗಂಡನಾದವನಿಗೆ ಬಿಡುಗಡೆಯೂ ದೊರೆತುಬಿಟ್ಟಿದೆ. ಗೃಹ್ಯಸೂತ್ರಗಳು ಅವನನ್ನು ಹೀಗೆ ಬಿಟ್ಟವಲ್ಲ. ಸೀಮಂತೋನ್ನಯನದಲ್ಲಿ ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆ ತೆಗೆಯತಕ್ಕವನು ಗಂಡನೇ. ಇಂದಿನ ಸೀಮಂತದಲ್ಲಿ ಹಸಿರು ಬಳೆ, ಮೊಗ್ಗಿನ ಜಡೆ, ಛಾಯಾಚಿತ್ರ ಎಲ್ಲವೂ ಉಂಟು. ಅವನು ಮಾತ್ರ ಬಹುಮಟ್ಟಿಗೆ ಅತಿಥಿ. ಕೇಂದ್ರ ಸರ್ಕಾರದ ನೌಕರನಾದರೆ ಅವನಿಗೆ 15 ದಿನಗಳ ಪಿತೃತ್ವ ರಜೆಯುಂಟು, ಅದನ್ನು ಹೆರಿಗೆಗೆ ಮುನ್ನವೂ ಪಡೆಯಬಹುದು. ನಾಮಕರಣಕ್ಕೆ ಕೂಡಿಡುವವರೇ ಹೆಚ್ಚೆಂದು ತೋರುತ್ತದೆ.

ಇನ್ನೂ ಕಠಿನವಾದುದೊಂದಿದೆ. ಸಂಕಟದ ಗಳಿಗೆಯಲ್ಲಿ ಆಸ್ಪತ್ರೆಯವರು ಕಾಗದ ಹಿಡಿದು ಹೊರಗೆ ಬಂದಾಗ ರುಜು ಹಾಕುವವನು ಸಾಮಾನ್ಯವಾಗಿ ಗಂಡ, ಇಲ್ಲವೆ ತಂದೆ. ಅವಳ ದೇಹದ ಮೇಲಣ ನಿರ್ಣಯವನ್ನು ಅವಳ ಮನಸ್ಸನ್ನು ಅರಿಯದೆ ಮಾಡುವ ಅಧಿಕಾರವು ಪ್ರೀತಿಯೊಂದರಿಂದಲೇ ಬರುತ್ತದೆಯೆ? ಬರುವುದಿಲ್ಲವೆಂದೇ ನನ್ನ ಎಣಿಕೆ. ಮೊದಲೇ ಕೇಳಿ ತಿಳಿದಿದ್ದರೆ ಮಾತ್ರ ಅವನ ರುಜು ಅವಳ ಮಾತಾದೀತು. ಕೇಳುವುದಕ್ಕೆ ನೋವಿನ ಹೊತ್ತು ತಕ್ಕುದಲ್ಲ. ಏಳನೆಯ ತಿಂಗಳಿನ ಒಂದು ಸಂಜೆ ತಕ್ಕುದು. ಅಪಶಕುನ ನುಡಿಯಬೇಡವೆಂದು ಹಿರಿಯರು ಗದರಿಸಬಹುದು; ಗದರಿಸಲಿ. ಅವಳೇ ಆ ಮಾತು ಬೇಡವೆಂದರೆ ಒತ್ತಾಯ ಸಲ್ಲದು. ತನ್ನ ಪರವಾಗಿ ಯಾರು ಹೇಳಬೇಕೆಂಬುದನ್ನಾದರೂ ಅವಳಿಂದ ತಿಳಿದುಕೊಳ್ಳಬಹುದು. ತನ್ನ ಹೆಸರನ್ನೇ ಹೇಳುವಳೆಂದು ಅವನು ನೆಚ್ಚಿ ಕುಳಿತಿರಬೇಕಾಗಿಲ್ಲ.