ಸಂಗ್ರಹವೂ ಸದ್ವಿನಿಯೋಗವೂ

ಕಳೆದ ಚಾತುರ್ಮಾಸ್ಯದಲ್ಲಿ ಒಂದು ಸಂಜೆ ಪ್ರವಚನ ಮುಗಿದು, ಮಂಗಳಾರತಿಯಾಗಿ, ಜನರು ಚದುರುತ್ತಿದ್ದಾಗ ಹಿರಿಯರೊಬ್ಬರು ನಮ್ಮನ್ನು ಪ್ರಾಕಾರದ ಕಟ್ಟೆಯ ಬಳಿಗೆ ಕರೆದು ಕೂರಿಸಿಕೊಂಡರು. ಅವರು ನಿವೃತ್ತ ಉಪಾಧ್ಯಾಯರು. ನಮ್ಮ ತಂದೆಯವರ ಕಾಲದಿಂದಲೂ ದೇವಾಲಯಕ್ಕೆ ನಡೆದುಕೊಳ್ಳುವವರು. "ಆಚಾರ್ಯರೇ, ಒಂದು ಸಂದೇಹ. ನೀವೇ ಹೇಳಬೇಕು" ಎಂದರು.

ಮಾರುತಿ 800 ಕಾರಿನ ತಯಾರಿಕೆ ಇನ್ನು ಹೆಚ್ಚು ಕಾಲ ನಡೆಯದೆಂಬ ಮಾತನ್ನು ಕೇಳಿ, 2013ರಲ್ಲಿ ಅವರು ನಿವೃತ್ತಿಯ ಹಣದಿಂದ ಒಂದನ್ನು ಕೊಂಡರಂತೆ. 2014ರ ಜನವರಿಯಲ್ಲಿ ತಯಾರಿಕೆ ನಿಂತೇಹೋಯಿತು. ಊಹೆ ನಿಜವಾಯಿತೆಂಬ ಸಂತೋಷದಿಂದ ಕಾರನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಹೊದಿಕೆ ಹೊದಿಸಿ, ಮೊಮ್ಮಗಳ ಮದುವೆಯ ವೇಳೆಗೆ ನಾಲ್ಕು ಪಟ್ಟು ಬೆಲೆ ಬಂದೀತೆಂದು ಕಾದರು. ಅವರ ಧರ್ಮಪತ್ನಿಯವರಿಗೆ ಮಂಡಿನೋವು. ದೇವಾಲಯಕ್ಕೆ ಬರಲು ಬೀದಿಯ ತಿರುವಿನಲ್ಲಿ ಆಟೋ ಕಾಯುತ್ತಿದ್ದರು. ಕೊನೆಕೊನೆಗೆ ಮಳೆಗಾಲದಲ್ಲಿ ಬರುವುದನ್ನೇ ಬಿಟ್ಟರು. ಆ ತಾಯಿ ಹಿಂದಿನ ಮಾಘದಲ್ಲಿ ಹರಿಪಾದ ಸೇರಿದರು. "ಒಂದು ದಿನವೂ ಅವಳು ಅದರಲ್ಲಿ ಕೂರಲಿಲ್ಲ. ನಾನು ಸಾಲ ಮಾಡಲಿಲ್ಲ, ದುಂದು ಮಾಡಲಿಲ್ಲ, ಯಾರನ್ನೂ ವಂಚಿಸಲಿಲ್ಲ. ಆದರೂ ತಪ್ಪು ಮಾಡಿದೆನೇ?" ಎಂಬುದು ಅವರ ಪ್ರಶ್ನೆ.

ನಮಗೆ ಕೂಡಲೇ ಉತ್ತರ ತೋಚಲಿಲ್ಲ. ಅನಂತರ ಆಲೋಚಿಸಿದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಂಗ್ರಹವೆಲ್ಲವೂ ದೋಷವೆನ್ನಲಾಗದು. ಉಡುಪಿಯಲ್ಲಿ ಪರ್ಯಾಯಕ್ಕೆ ಬಹಳ ಮುಂಚೆಯೇ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ನಡೆಯುತ್ತವೆ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟಿರುವುದನ್ನು ಅನೇಕರು ಕಣ್ಣಾರೆ ಕಂಡಿದ್ದೀರಿ. ಆ ಸಂಗ್ರಹಕ್ಕೆ ಗುರಿಯುಂಟು, ಮುಂದೆ ಎಲೆಯ ಮುಂದೆ ಕೂರುವ ಜನರುಂಟು. ದೇವಾಲಯದ ತೇರೂ ವರ್ಷದ ಬಹುಭಾಗ ಕದಲುವುದಿಲ್ಲ. ಆದರೆ ರಥೋತ್ಸವ ಸಮೀಪಿಸಿದಂತೆ ಬಡಗಿ ಬಂದು ಗಾಲಿ, ಅಚ್ಚುಗಳನ್ನು ತಟ್ಟಿ ನೋಡುತ್ತಾನೆ. ಉಪಯೋಗದ ದಿನ ಗೊತ್ತಿರುವುದರಿಂದಲೇ ಅದಕ್ಕೆ ಆರೈಕೆಯೂ ದೊರೆಯುತ್ತದೆ.

ಬೆಲೆಗಾಗಿ ಕಾಪಿಟ್ಟ ಕಾರಿನ ಗತಿ ಬೇರೆ. ಅಲ್ಲಿ ಬಳಕೆಯೇ ನಷ್ಟವೆಂಬ ಭಯ. ಆದರೆ ಓಡಿಸದಿದ್ದ ಮಾತ್ರಕ್ಕೆ ಕಾರು ಇದ್ದಂತೆ ಇರುವುದಿಲ್ಲ. ಪೆಟ್ರೋಲು ಹಳಸಿ ಅಂಟಾಗುತ್ತದೆ. ಬ್ಯಾಟರಿ ತಾನಾಗಿ ಬರಿದಾಗುತ್ತದೆ. ಒಂದೇ ಕಡೆ ಭಾರ ಹೊತ್ತ ಟೈರು ಚಪ್ಪಟೆಯಾಗಿ ಬಿರಿಯುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿ ಒಳಗಿನ ಲೋಹಕ್ಕೆ ತುಕ್ಕು ತರುತ್ತದೆ. ಇಲಿ ವೈರುಗಳನ್ನು ಕಡಿಯುತ್ತದೆ. ಕಾನೂನಿನ ಲೆಕ್ಕವೂ ನಿಲ್ಲುವುದಿಲ್ಲ. ಖಾಸಗಿ ಕಾರಿನ ಮೊದಲ ನೋಂದಣಿಗೆ 15 ವರ್ಷದ ಆಯುಸ್ಸು. ಓಡಿದರೂ ಅಷ್ಟೇ, ನಿಂತರೂ ಅಷ್ಟೇ. 2021ರ ಕೇಂದ್ರ ನಿಯಮದಂತೆ ಒಂದು ವಾಹನ 'ವಿಂಟೇಜ್' ಎನಿಸಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. 2013ರ ಕಾರಿಗೆ ಆ ಯೋಗ 2063ರಲ್ಲಿ! ಹಣದ ದೃಷ್ಟಿಯಿಂದ ನೋಡಿದರೂ, ನೂರಕ್ಕೆ 7ರ ಚಕ್ರಬಡ್ಡಿಯಲ್ಲಿಟ್ಟ ಹಣ ಸುಮಾರು 10 ವರ್ಷಕ್ಕೆ ಇಮ್ಮಡಿಯಾಗುತ್ತದೆ. ಕಾರಿನ ಬೆಲೆಯೂ ಇಮ್ಮಡಿಯಾದರೆ ಸರಿಸಮವಾಯಿತು. ಲಾಭದ ಮಾತು ಆಮೇಲಿನದು.

ಅಮೆರಿಕದ ಟಲ್ಸಾ ನಗರದ ಪ್ರಸಂಗವೊಂದು ಇಲ್ಲಿ ಸ್ಮರಣೀಯ. 1957ರ ಜೂನ್ 15ರಂದು ಹೊಸ ಪ್ಲಿಮತ್ ಕಾರೊಂದನ್ನು ನ್ಯಾಯಾಲಯದ ಅಂಗಳದಲ್ಲಿ ಕಾಂಕ್ರೀಟಿನ ನೆಲಮಾಳಿಗೆಯೊಳಗಿಟ್ಟು ಮುಚ್ಚಿದರು. 50 ವರ್ಷಗಳ ಬಳಿಕ ಆ ನಗರದ ಜನಸಂಖ್ಯೆ ಎಷ್ಟಾಗುವುದೆಂದು ಅತಿ ಸಮೀಪವಾಗಿ ಊಹಿಸಿದವರಿಗೆ ಅದು ಬಹುಮಾನ. ಜೊತೆಗೆ 100 ಡಾಲರಿನ ಠೇವಣಿ. 2007ರಲ್ಲಿ ತೆರೆದು ನೋಡಿದಾಗ ಒಳಗೆ ನೀರು ನುಗ್ಗಿ ಕಾರು ತುಕ್ಕಿನ ಮುದ್ದೆಯಾಗಿತ್ತು. ಠೇವಣಿ ಮಾತ್ರ ಬಡ್ಡಿಯೊಡನೆ ಹಲವು ಪಟ್ಟು ಬೆಳೆದಿತ್ತು. ಗೆದ್ದಾತನಾದರೋ 1979ರಲ್ಲಿಯೇ ತೀರಿಕೊಂಡಿದ್ದನು. ಬಹುಮಾನ ಅವನ ಸೋದರಿಯರ ಪಾಲಾಯಿತು.

ವಸ್ತು ಕೆಡದೆ ಉಳಿದರೂ ಬೆಲೆ ನಮ್ಮ ವಶದಲ್ಲಿರುವುದಿಲ್ಲ. ಮಡಚುವ ಮೇಲ್ಛಾವಣಿಯುಳ್ಳ ಕಾರು ಅಮೆರಿಕದಲ್ಲಿ ಇನ್ನು ತಯಾರಾಗದೆಂಬ ಪ್ರಚಾರವನ್ನು ನಂಬಿ, 1976ರಲ್ಲಿ ಅನೇಕರು ಕ್ಯಾಡಿಲಾಕ್ ಎಲ್ಡೊರಾಡೊ ಕಾರುಗಳನ್ನು ಕೊಂಡು ಬೀಗ ಹಾಕಿಟ್ಟರು. 1984ರ ಮಾದರಿಯಾಗಿ ಅದೇ ಹೆಸರಿನ, ಅದೇ ಬಗೆಯ ಕಾರು ಮತ್ತೆ ಮಾರುಕಟ್ಟೆಗೆ ಬಂದಿತು! ಲಾಭವಾದವರು ಇಲ್ಲವೆಂದಲ್ಲ. 2013ರಲ್ಲಿ ನೆಬ್ರಾಸ್ಕ ಪ್ರಾಂತದ ಪಿಯರ್ಸ್ ಎಂಬ ಸಣ್ಣ ಊರಿನ ಹರಾಜಿನಲ್ಲಿ, ಎರಡು ಮೈಲಿಯೂ ಓಡದ 1958ರ ಷೆವರ್ಲೆ ವಾಹನವೊಂದು 1,40,000 ಡಾಲರಿಗೆ ಮಾರಾಟವಾಯಿತು. ಆದರೆ ಅದಕ್ಕೆ ಕಾದದ್ದು 55 ವರ್ಷ. ಮನುಷ್ಯನ ಆಯುಸ್ಸಿನಲ್ಲಿ ಅದೇನು ಸಣ್ಣ ಭಾಗವೇ?

ಧನಕ್ಕೆ ದಾನ, ಭೋಗ, ನಾಶ ಎಂಬ ಮೂರು ಗತಿಗಳನ್ನು ಭರ್ತೃಹರಿ ಹೇಳಿರುವುದು ಎಲ್ಲರಿಗೂ ತಿಳಿದದ್ದೇ. ನಮ್ಮ ಹಿರಿಯರು ಲೋಭಿಗಳಲ್ಲ. ಮೊಮ್ಮಗಳಿಗೆಂದು ಇಟ್ಟರು, ಅದು ದಾನಬುದ್ಧಿಯೇ. ಎಡವಿದ್ದು ಎಲ್ಲಿ ಎಂದರೆ, ಎಂದೋ ಬರಬಹುದಾದ, ಮುಖವನ್ನೇ ಕಾಣದ ಗಿರಾಕಿಯೊಬ್ಬನಿಗಾಗಿ, ಪಕ್ಕದಲ್ಲಿಯೇ ನೋಯುತ್ತಿದ್ದ ಜೀವದ ಅಗತ್ಯ ಅವರ ಕಣ್ಣಿಗೆ ಬೀಳಲಿಲ್ಲ. ವಸ್ತುವನ್ನು ಬೆಲೆಯೆಂದೇ ಭಾವಿಸತೊಡಗಿದ ಮೇಲೆ ಅದು ಯಾತಕ್ಕೆ ಹುಟ್ಟಿತೆಂಬುದು ಮರೆತುಹೋಗುತ್ತದೆ.

ಮಾರುತಿ 800ರ ಮೊಟ್ಟಮೊದಲ ಕಾರಿನ ಕಥೆಯೂ ಇದನ್ನೇ ಹೇಳುತ್ತದೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಅದರ ಕೀಲಿಯನ್ನು ಪಡೆದ ದೆಹಲಿಯ ಗೃಹಸ್ಥರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರದೆ ತಮ್ಮ ಬಳಿಯೇ ಇರಿಸಿಕೊಂಡು ಓಡಿಸಿದರು. ಅನಂತರ ನಿಂತಲ್ಲೇ ನಿಂತು ಜೀರ್ಣವಾದ ಆ ಕಾರನ್ನು ಕಂಪನಿಯೇ ಸರಿಪಡಿಸಿ ತನ್ನ ಕಚೇರಿಯಲ್ಲಿ ಗೌರವದಿಂದ ಇರಿಸಿದೆ.

ನಾವು ಮತ್ತೆ ಆ ಹಿರಿಯರನ್ನು ಕಂಡು, "ತಪ್ಪೆಂದು ಕೊರಗುವುದಕ್ಕಿಂತ ಉಳಿದದ್ದನ್ನು ವಿನಿಯೋಗಿಸುವುದು ಲೇಸು" ಎಂದು ವಿನಯದಿಂದ ಅರಿಕೆ ಮಾಡಿದೆವು. ಅವರು ಏನೂ ಹೇಳಲಿಲ್ಲ. ಉತ್ಥಾನ ದ್ವಾದಶಿಯ ಸಂಜೆ ತುಳಸಿ ಪೂಜೆಯ ವೇಳೆಗೆ, ಹೊಸ ಟೈರುಗಳ ಬಿಳಿಯ ಕಾರೊಂದು ಮಹಾದ್ವಾರದ ಮುಂದೆ ನಿಂತಿತು. ನೆರೆಮನೆಯ ಇಬ್ಬರು ವೃದ್ಧೆಯರು ಕೋಲೂರಿ ಇಳಿದರು. ಕಾರಿನ ಬೆಲೆ ಎಷ್ಟು ತಗ್ಗಿತೆಂದು ನಾವು ಕೇಳಲಿಲ್ಲ.

ನಮ್ಮ ನಮ್ಮ ಮನೆಗಳ ಅಟ್ಟ, ಕಪಾಟು, ಕೊಟ್ಟಿಗೆಗಳಲ್ಲಿ ಹೊದಿಕೆ ಹೊದ್ದು ಕುಳಿತಿರುವುದು ಏನು, ಅದಕ್ಕಾಗಿ ಹೊರಗೆ ಕಾಯುತ್ತಿರುವವರು ಯಾರು ಎಂಬುದನ್ನು, ಇನ್ನೂ ಕಾಲವಿರುವಾಗಲೇ, ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.