ಸರದಿಯ ಧರ್ಮ

ಮಾಡತಕ್ಕ ಕೆಲಸ ಯಾವುದು, ಮಾಡಬಾರದ ಕೆಲಸ ಯಾವುದು ಎಂಬುದನ್ನು ಕುರಿತು ನಮ್ಮ ಹಿರಿಯರು ಬಹಳವಾಗಿ ವಿಚಾರಮಾಡಿದ್ದಾರೆ. ಆದರೆ ಮಾಡತಕ್ಕ ಕೆಲಸಗಳೇ ಹತ್ತು ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿರುವಾಗ, ಮಾಡುವ ಕೈಗಳು ಎರಡೇ ಇರುವಾಗ, ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಧರ್ಮದ ಪ್ರಶ್ನೆಯೆಂದು ಎಣಿಸುವುದಿಲ್ಲ. ಅದು ಅಂಗಡಿಯವನ ಜಾಣತನಕ್ಕೋ ಕಚೇರಿಯ ಗುಮಾಸ್ತನ ಅನುಕೂಲಕ್ಕೋ ಬಿಟ್ಟ ಮಾತೆಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗುವುದು ಸರಿಯೇ ಎಂಬುದನ್ನು ವಾಚಕರೊಡನೆ ಕೂಡಿ ಯೋಚಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಸಂಗತಿ. ಆಗ ನಮ್ಮ ಊರಿನಲ್ಲಿ ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಅಚ್ಚುಮಾಡುತ್ತಿದ್ದ ಒಂದು ಸಣ್ಣ ಅಚ್ಚುಕೂಟವಿದ್ದಿತು. ಯಂತ್ರ ಒಂದು, ಮೊಳೆ ಜೋಡಿಸುವವರು ಇಬ್ಬರು, ರಟ್ಟು ಕಟ್ಟುವವನು ಒಬ್ಬ. ಸಂಜೆಯ ಹೊತ್ತು ಅಲ್ಲಿಗೆ ಹೋಗಿ ಕರಡಚ್ಚುಗಳನ್ನು ತಿದ್ದಿಕೊಡುವುದು ನನಗೆ ವಾಡಿಕೆಯಾಗಿದ್ದಿತು. ಒಂದು ದಿನ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಅಕ್ಕನ ಬಾಯಿಂದ ಕೇಳಿ ಬರೆದುಕೊಂಡಿದ್ದ ಬೀಸುವ ಪದಗಳ ಕೈಬರಹವನ್ನು ತಂದುಕೊಟ್ಟರು. ನೂರ ಅರುವತ್ತು ಪುಟಗಳ ಪುಸ್ತಕ. ದಿನಕ್ಕೆ ಎಂಟು ಪುಟಗಳಂತೆ ಇಪ್ಪತ್ತು ದಿನಗಳ ಕೆಲಸ. ಮುಂಗಡ ಹಣವನ್ನೂ ಕೊಟ್ಟರು. “ಮೂರು ತಿಂಗಳೊಳಗೆ ಮುಗಿಸಿಕೊಡುತ್ತೇನೆ, ಮೇಷ್ಟ್ರೇ” ಎಂದು ಯಜಮಾನರು ಹೇಳಿದರು. ಆ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಮರುದಿನವೇ ಒಂದು ಲಗ್ನಪತ್ರಿಕೆ ಬಂದಿತು. ಒಂದು ದಿನದ ಕೆಲಸ, ಮುಹೂರ್ತವು ಯಾರಿಗೂ ಕಾಯುವುದಿಲ್ಲವಷ್ಟೆ! ಅದರ ಹಿಂದೆ ಸಹಕಾರ ಸಂಘದ ರಸೀತಿ ಪುಸ್ತಕ, ಅದರ ಹಿಂದೆ ಜಾತ್ರೆಯ ಕರಪತ್ರ, ಮತ್ತೆ ಒಂದು ಉಪನಯನದ ಪತ್ರಿಕೆ. ಪ್ರತಿಯೊಂದೂ ಸಣ್ಣ ಕೆಲಸ, ಪ್ರತಿಯೊಂದಕ್ಕೂ ಅವಸರ. ಮೇಷ್ಟ್ರು ಸಂತೆಯ ದಿನ ತಪ್ಪದೆ ಬಂದು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು, “ಬರುವ ವಾರ” ಎಂಬ ಉತ್ತರವನ್ನು ಕೇಳಿಕೊಂಡು ಹೋಗುತ್ತಿದ್ದರು. ಪುಸ್ತಕವು ಹೊರಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅದರ ಹಿಂದಿನ ತಿಂಗಳಷ್ಟೇ ಅವರ ಅಕ್ಕ ತೀರಿಹೋಗಿದ್ದರು. ಮೇಷ್ಟ್ರು ಬಾಕಿಯ ಹಣವನ್ನು ಎಣಿಸಿಕೊಟ್ಟು, ಪುಸ್ತಕದ ಕಟ್ಟುಗಳನ್ನು ಗಾಡಿಗೆ ಹಾಕಿಸಿಕೊಂಡು, ಯಾರ ಮೇಲೂ ಒಂದು ದೂರನ್ನೂ ಹೇಳದೆ ಹೋದರು. ಆ ಹದಿನಾಲ್ಕು ತಿಂಗಳಲ್ಲಿ ಅವರ ಪುಸ್ತಕವನ್ನು ಹಿಂದಕ್ಕೆ ತಳ್ಳಿದ ಸಣ್ಣ ಕೆಲಸಗಳಲ್ಲಿ ನನ್ನ ತಂಗಿಯ ಲಗ್ನಪತ್ರಿಕೆಯೂ ಒಂದಾಗಿದ್ದಿತು.

ಇಲ್ಲಿ ತಪ್ಪು ಯಾರದು? ಯಜಮಾನರು ಸುಳ್ಳುಗಾರರಲ್ಲ, ಯಾರಿಂದಲೂ ಲಂಚ ಮುಟ್ಟಿದವರಲ್ಲ. ಒಂದೊಂದು ದಿನದ ನಿರ್ಧಾರವನ್ನು ಬೇರೆಬೇರೆಯಾಗಿ ತೆಗೆದು ನೋಡಿದರೆ ಎಲ್ಲವೂ ಸರಿಯೆಂದೇ ತೋರುತ್ತದೆ. ಇಷ್ಟು ಸರಿಗಳು ಕೂಡಿ ಒಂದು ಅನ್ಯಾಯವಾದದ್ದು ಹೇಗೆ? ಈ ಪ್ರಶ್ನೆಯು ನನ್ನನ್ನು ಬಹುಕಾಲ ಕಾಡಿದೆ.

ಕ್ರಮಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ಮೊದಲು ಒಂದು ಲೆಕ್ಕದಿಂದ ನೋಡೋಣ. ಅಚ್ಚುಕೂಟಕ್ಕೆ ಎರಡು ಪುಸ್ತಕಗಳು ಬಂದಿವೆಯೆಂದು ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಅಚ್ಚಿನ ಕೆಲಸ 5 ದಿನ, ರಟ್ಟಿನ ಕೆಲಸ 1 ದಿನ. ಎರಡನೆಯದಕ್ಕೆ ಅಚ್ಚು 1 ದಿನ, ರಟ್ಟು 5 ದಿನ. ಮೊದಲನೆಯದನ್ನೇ ಮೊದಲು ಹಿಡಿದರೆ ರಟ್ಟು ಕಟ್ಟುವವನು 5 ದಿನ ಸುಮ್ಮನೆ ಕುಳಿತಿರಬೇಕು. ಎರಡೂ ಮುಗಿಯುವಾಗ 11 ದಿನಗಳಾಗುತ್ತವೆ. ಎರಡನೆಯದನ್ನು ಮೊದಲು ಹಿಡಿದರೆ 7 ದಿನಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆಳು ಹೆಚ್ಚಲಿಲ್ಲ, ಯಂತ್ರ ಹೆಚ್ಚಲಿಲ್ಲ. ಹಿಂದಿನದನ್ನು ಮುಂದಕ್ಕೆ ತಂದ ಮಾತ್ರಕ್ಕೆ 4 ದಿನಗಳು ಉಳಿದವು. ಇಂಥ ಎರಡು ಹಂತದ ಕೆಲಸಗಳಿಗೆ ಎಸ್. ಎಂ. ಜಾನ್ಸನ್ ಎಂಬ ಅಮೆರಿಕದ ಗಣಿತಜ್ಞರು 1954ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಎಲ್ಲ ಕೆಲಸಗಳ ಎಲ್ಲ ಕಾಲಗಳಲ್ಲಿ ಅತ್ಯಂತ ಚಿಕ್ಕದನ್ನು ಹುಡುಕಬೇಕು; ಅದು ಮೊದಲ ಹಂತದ್ದಾದರೆ ಆ ಕೆಲಸವನ್ನು ಸಾಲಿನ ಮುಂದುಗಡೆಗೂ, ಎರಡನೆಯ ಹಂತದ್ದಾದರೆ ಹಿಂದುಗಡೆಗೂ ಇಡಬೇಕು; ಉಳಿದವುಗಳಿಗೂ ಹೀಗೆಯೇ ಮಾಡುತ್ತ ಹೋಗಬೇಕು. ಹಂತಗಳು ಮೂರಾದರೆ ಎಲ್ಲ ಸಂದರ್ಭಗಳಿಗೂ ಸಲ್ಲುವ ಇಂಥ ಸುಲಭ ಸೂತ್ರವು ದೊರೆಯುವ ಸಂಭವ ಬಹಳ ಕಡಮೆಯೆಂದು 1976ರಲ್ಲಿ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹತ್ತೇ ಹತ್ತು ಕೆಲಸಗಳನ್ನು ಸಾಲಿಡುವ ಬಗೆಗಳು 36,28,800 ಆಗುತ್ತವೆ. ಎಲ್ಲವನ್ನೂ ಬರೆದು ನೋಡುತ್ತೇವೆಂದರೆ ಆಗುವ ಮಾತಲ್ಲ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಸಣ್ಣ ಸಂಗತಿಯನ್ನು ನಾವು ಗಮನಿಸದೆ ದಾಟಿಬಂದೆವು. ಮೊದಲನೆಯ ಪುಸ್ತಕದವನಿಗೆ 6ನೆಯ ದಿನ ಸಿಕ್ಕಬೇಕಾಗಿದ್ದ ಪುಸ್ತಕವು 7ನೆಯ ದಿನ ಸಿಕ್ಕಿತು. ಎಲ್ಲರ ಲಾಭದೊಳಗೆ ಅವನ ಒಂದು ದಿನದ ನಷ್ಟವು ಅಡಗಿಹೋಯಿತು. ಧರ್ಮದ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ.

ಯಂತ್ರವು ಒಂದೇ ಆದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ಪುಸ್ತಕಕ್ಕೆ 20 ದಿನ, ರಸೀತಿ ಪುಸ್ತಕಕ್ಕೆ 2 ದಿನ, ಲಗ್ನಪತ್ರಿಕೆಗೆ 1 ದಿನ. ಯಾವ ಕ್ರಮದಲ್ಲಿ ಮಾಡಿದರೂ ಒಟ್ಟು ಕೆಲಸ 23 ದಿನಗಳದೇ. ಬಂದ ಕ್ರಮದಲ್ಲಿ ಮಾಡಿದರೆ ಅವು 20, 22, 23ನೆಯ ದಿನಗಳಲ್ಲಿ ಮುಗಿಯುತ್ತವೆ. ಮೂವರ ಕಾಯುವಿಕೆಯನ್ನು ಕೂಡಿದರೆ 65 ದಿನ. ಚಿಕ್ಕದನ್ನು ಮೊದಲು ಮಾಡಿದರೆ 1, 3, 23ನೆಯ ದಿನಗಳಲ್ಲಿ ಮುಗಿಯುತ್ತವೆ. ಕೂಡಿದರೆ 27 ದಿನ. ದೊಡ್ಡದು ಚಿಕ್ಕದರ ಮುಂದೆ ನಿಂತರೆ ಚಿಕ್ಕದರವನು 20 ದಿನ ಕಾಯಬೇಕು. ಚಿಕ್ಕದು ದೊಡ್ಡದರ ಮುಂದೆ ನಿಂತರೆ ದೊಡ್ಡದರವನು ಒಂದೆರಡು ದಿನ ಕಾದರೆ ಸಾಕು. ಒಟ್ಟು ಕಾಯುವಿಕೆಯನ್ನು ಕಡಮೆ ಮಾಡಬೇಕಾದರೆ ಚಿಕ್ಕದೇ ಮುಂದಿರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಡಬ್ಲ್ಯು. ಇ. ಸ್ಮಿತ್ ಎಂಬವರು 1956ರಲ್ಲಿ ಈ ನಿಯಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ನಮ್ಮ ಅಚ್ಚುಕೂಟದ ಯಜಮಾನರು ಅದನ್ನು ಓದಿದವರಲ್ಲ. ಆದರೂ ಅನುಭವದಿಂದ ಅದನ್ನೇ ನಡೆಸುತ್ತಿದ್ದರು.

ಹಾಗಾದರೆ ಕೆಟ್ಟದ್ದೆಲ್ಲಿ? ಆ ಲೆಕ್ಕವು ಬಾಗಿಲನ್ನು ಮುಚ್ಚಿಕೊಂಡು ಮಾಡಿದ ಲೆಕ್ಕ. ಬಂದಿರುವ ಕೆಲಸಗಳು ಮೂರೇ, ಇನ್ನು ಯಾರೂ ಬರುವುದಿಲ್ಲವೆಂದು ಅದು ಭಾವಿಸಿಕೊಳ್ಳುತ್ತದೆ. ಅಚ್ಚುಕೂಟದ ಬಾಗಿಲಾದರೋ ದಿನವೂ ತೆರೆದಿರುತ್ತದೆ. ದಿನವೂ ಒಂದು ಚಿಕ್ಕ ಕೆಲಸವು ಒಳಕ್ಕೆ ಬರುತ್ತದೆ. ದೊಡ್ಡ ಕೆಲಸದವನಿಗೆ ಮೂರು ದಿನದ ನಷ್ಟವೆಂದು ಹೇಳಿದ ನಿಯಮವು ಆ ಮೂರು ದಿನಗಳನ್ನು ಮತ್ತೆ ಮತ್ತೆ ಕೇಳುತ್ತ ಹೋಗುತ್ತದೆ. ಪ್ರತಿ ಸಾರಿಯೂ ಕೇಳುವುದು ಅಲ್ಪ. ಕೇಳುವುದಕ್ಕೆ ಕೊನೆಯೇ ಇಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: “ಇಷ್ಟೆಲ್ಲ ತರ್ಕವೇಕೆ? ಮೊದಲು ಬಂದವನಿಗೆ ಮೊದಲು ಮಾಡಿಕೊಟ್ಟರಾಯಿತು.” ಈ ಪಕ್ಷವು ಹಗುರವಾದದ್ದಲ್ಲ. ಇದರಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲ. ನಡುವೆ ಕುಳಿತವನು ಯಾರ ಯೋಗ್ಯತೆಯನ್ನೂ ತೂಗಿನೋಡಬೇಕಾಗಿಲ್ಲ. ಸಾಲಿನಲ್ಲಿ ನಿಂತವನು ತನ್ನ ಮುಂದಿನವರನ್ನು ಎಣಿಸಿ ತನ್ನ ಸರದಿಯನ್ನು ತಾನೇ ತಿಳಿದುಕೊಳ್ಳಬಲ್ಲನು. ಆದರೆ ಪುಸ್ತಕದ ಹಿಂದೆ ಇಪ್ಪತ್ತು ದಿನ ನಿಂತ ಲಗ್ನಪತ್ರಿಕೆಯು ಮದುವೆ ಮುಗಿದ ಮೇಲೆ ಅಚ್ಚಾದರೆ ಅದರಿಂದ ಯಾರಿಗೇನು ಪ್ರಯೋಜನ? ಬಂದ ಹೊತ್ತು ಒಂದು, ಬೇಕಾದ ಹೊತ್ತು ಇನ್ನೊಂದು. ಬೇಕಾದ ಹೊತ್ತನ್ನು ನೋಡಿ ಸಾಲಿಡಬೇಕೆಂಬುದು ಮತ್ತೊಂದು ಪಕ್ಷ. ಗಡುವು ಹತ್ತಿರವಿದ್ದ ಕೆಲಸವನ್ನು ಮೊದಲು ಮಾಡಿದರೆ, ಎಲ್ಲರಿಗಿಂತಲೂ ಹೆಚ್ಚು ತಡವಾದವನ ತಡವು ಸಾಧ್ಯವಾದಷ್ಟು ಕಡಮೆಯಾಗುತ್ತದೆಂದು ಜೆ. ಆರ್. ಜ್ಯಾಕ್‌ಸನ್ 1955ರಲ್ಲಿ ತೋರಿಸಿದರು. ಇದು ಹೆಚ್ಚು ಕರುಣೆಯುಳ್ಳ ನಿಯಮವೆಂದು ನನಗೆ ತೋರುತ್ತದೆ. ಆದರೆ ಇದಕ್ಕೂ ಒಂದು ಕುರುಡುಂಟು. ಮದುವೆಯ ಮುಹೂರ್ತವು ಪತ್ರಿಕೆಯ ಮೇಲೆಯೇ ಬರೆದಿರುತ್ತದೆ. ತನ್ನ ಹಾಡುಗಳನ್ನು ಅಚ್ಚಿನಲ್ಲಿ ನೋಡಲೆಂದು ಕಾದಿದ್ದ ಮುದುಕಿಯ ಆಯುಸ್ಸಿನ ಗಡುವು ಯಾವ ಕಾಗದದ ಮೇಲೂ ಇರಲಿಲ್ಲ. ಮೇಷ್ಟ್ರು ಸಂಕೋಚದಿಂದ ಅದನ್ನು ಹೇಳಲಿಲ್ಲ. ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಗಣಿತಜ್ಞರು ಇದಕ್ಕೂ ಒಂದು ದಾರಿಯನ್ನು ತೋರಿಸುತ್ತಾರೆ. ಒಂದೊಂದು ಕೆಲಸಕ್ಕೂ ಒಂದು ತೂಕವನ್ನು ಕೊಡಿ. ತೂಕವನ್ನು ಕೆಲಸದ ದಿನಗಳಿಂದ ಭಾಗಿಸಿ, ಬಂದ ಲಬ್ಧವು ಯಾವುದಕ್ಕೆ ಹೆಚ್ಚೋ ಅದನ್ನು ಮುಂದಿಡಿ ಎಂದು ಸ್ಮಿತ್ತರೇ ಹೇಳಿದ್ದಾರೆ. ಸೂತ್ರವು ನಿರ್ದುಷ್ಟವಾದದ್ದು. ಆದರೆ ಆ ತೂಕವನ್ನು ಕೊಡುವವರು ಯಾರು? ಸೂತ್ರವು ಅದನ್ನು ಕೇಳುವುದಿಲ್ಲ. ಹಣದಿಂದ ತೂಗಿದರೂ, ಅಧಿಕಾರದಿಂದ ತೂಗಿದರೂ, ನಂಟಿನಿಂದ ತೂಗಿದರೂ ಅದು ಅಷ್ಟೇ ನಿಷ್ಠೆಯಿಂದ ಉತ್ತರವನ್ನು ಕೊಡುತ್ತದೆ. ನನ್ನ ತಂಗಿಯ ಪತ್ರಿಕೆಗೆ ಆ ದಿನ ದೊರೆತ ತೂಕದಲ್ಲಿ ಮುಹೂರ್ತದ ಪಾಲೆಷ್ಟು, ಯಜಮಾನರಿಗೆ ನನ್ನ ಮೇಲಿದ್ದ ವಿಶ್ವಾಸದ ಪಾಲೆಷ್ಟು ಎಂಬುದನ್ನು ನಾನು ಈಗಲೂ ಬಿಡಿಸಿ ಹೇಳಲಾರೆ. ತೂಕವನ್ನು ಸರಿಯಾಗಿ ಕಟ್ಟಿದವರೂ ಲೋಕದಲ್ಲಿ ಉಂಟು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಲಾರೇ ಎಂಬಾತನು ರಣರಂಗದಲ್ಲಿ ಗಾಯಗೊಂಡವರನ್ನು ಅವರ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆಗೆ ತೆಗೆದುಕೊಳ್ಳುತ್ತಿದ್ದನು. ಅವನ ತಕ್ಕಡಿಯಲ್ಲಿ ಪದವಿಗೆ ತೂಕವಿರಲಿಲ್ಲ.

ಕ್ರಮವು ವಿಚಾರಾರ್ಹವಾದ ವಿಷಯವೆಂಬುದು ನಮ್ಮ ದೇಶಕ್ಕೆ ಹೊಸ ಮಾತಲ್ಲ. ಜೈಮಿನಿಯ ಪೂರ್ವಮೀಮಾಂಸಾಸೂತ್ರಗಳಲ್ಲಿ ಐದನೆಯ ಅಧ್ಯಾಯವು ಕ್ರಮದ ವಿಚಾರಕ್ಕೆ ಮೀಸಲಾದದ್ದು. ಯಾವ ಕರ್ಮವು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಣಯಿಸಲು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳನ್ನು ಮೀಮಾಂಸಕರು ಹೇಳುತ್ತಾರೆ. ವೇದದಲ್ಲಿ ಅಗ್ನಿಹೋತ್ರದ ಹೋಮವನ್ನು ಮೊದಲು ಹೇಳಿ ಗಂಜಿ ಬೇಯಿಸುವುದನ್ನು ಆಮೇಲೆ ಹೇಳಿದ್ದರೂ, ಗಂಜಿಯೇ ಹೋಮದ್ರವ್ಯವಾದ್ದರಿಂದ ಅದನ್ನು ಮೊದಲು ಬೇಯಿಸಬೇಕು. ಇಲ್ಲಿ ಪ್ರಯೋಜನವು ಪಾಠವನ್ನು ಮೀರುತ್ತದೆ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಪ್ರವೃತ್ತಿಕ್ರಮ. ವಾಜಪೇಯದಲ್ಲಿ ಪ್ರಜಾಪತಿಗೆ ಸಲ್ಲುವ ಪಶುಗಳು 17. ಒಂದೊಂದಕ್ಕೂ ಹಲವು ಸಂಸ್ಕಾರಗಳು ನಡೆಯಬೇಕು. ಮೊದಲನೆಯ ಸಂಸ್ಕಾರವನ್ನು ಯಾವ ಪಶುವಿನಿಂದ ಬೇಕಾದರೂ ಆರಂಭಿಸಬಹುದು. ಆದರೆ ಎರಡನೆಯದನ್ನು ಮೊದಲನೆಯದು ನಡೆದ ಕ್ರಮದಲ್ಲಿಯೇ ನಡೆಸಬೇಕು. ಏಕೆಂದರೆ, ಹಾಗೆ ಮಾಡಿದಾಗ ಪ್ರತಿಯೊಂದಕ್ಕೂ ಎರಡು ಸಂಸ್ಕಾರಗಳ ನಡುವೆ 16 ಕ್ಷಣಗಳ ಅಂತರವು ಸಮನಾಗಿ ಬೀಳುತ್ತದೆ. ಹಿಂದುಮುಂದಾಗಿ ಮಾಡಿದರೆ ಕೆಲವಕ್ಕೆ ಅತಿಯಾದ ಅಂತರ, ಕೆಲವಕ್ಕೆ ಅಂತರವೇ ಇಲ್ಲ. ಇದು ಯುಕ್ತವಲ್ಲವೆಂದು ಲೌಗಾಕ್ಷಿ ಭಾಸ್ಕರನ ಅರ್ಥಸಂಗ್ರಹವು ವಿವರಿಸುತ್ತದೆ. ಯಜ್ಞದ ಸಂದರ್ಭವು ಬೇರೆ, ಅಚ್ಚುಕೂಟದ ಸಂದರ್ಭವು ಬೇರೆಯೆಂಬುದು ನಿಜ. ಆದರೂ ಒಟ್ಟು ಮೊತ್ತದ ಜೊತೆಗೆ ಒಂದೊಂದರ ಪಾಲಿಗೆ ಬಿದ್ದ ಅಂತರವನ್ನೂ ಎಣಿಸಬೇಕೆಂಬ ಅವರ ಎಚ್ಚರವು ನಮಗೆ ಬೇಕಾದದ್ದು.

ಇಷ್ಟನ್ನು ನೋಡಿದ ಮೇಲೆ ನನಗೆ ತೋರುವ ಸಿದ್ಧಾಂತವಿದು. ಸರದಿಯನ್ನು ಗೊತ್ತುಮಾಡುವವನು ಕಾಯುವಿಕೆಯೆಂಬ ಒಂದು ಹೊರೆಯನ್ನು ಜನರಿಗೆ ಹಂಚುತ್ತಾನೆ. ಹಂಚಿಕೆಯಿರುವಲ್ಲೆಲ್ಲ ನ್ಯಾಯದ ಪ್ರಶ್ನೆಯೂ ಇರುತ್ತದೆ. ಒಟ್ಟು ಹೊರೆಯನ್ನು ಕಡಮೆಮಾಡುವುದು ಒಳ್ಳೆಯ ಕೆಲಸವೇ. ಚಿಕ್ಕದನ್ನು ಮೊದಲು ಮಾಡುವ ನಿಯಮವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಎರಡು ಕಟ್ಟುಗಳಿರಬೇಕು. ಒಂದು, ಯಾವ ನಿಯಮದಿಂದ ಹಿಂದಕ್ಕೆ ಸರಿಸುತ್ತೇವೋ ಆ ನಿಯಮವನ್ನು ಹಿಂದಕ್ಕೆ ಸರಿದವನ ಮುಖವನ್ನು ನೋಡಿ ಹೇಳುವಂತಿರಬೇಕು. ಮೇಷ್ಟ್ರಿಗೆ “ಮೇಷ್ಟ್ರೇ, ಸಣ್ಣ ಕೆಲಸಗಳು ಬರುವವರೆಗೂ ನಿಮ್ಮದು ಆಗುವುದಿಲ್ಲ” ಎಂದು ಯಜಮಾನರು ಹೇಳಬಲ್ಲವರಾಗಿದ್ದರೇ? “ಬರುವ ವಾರ” ಎಂದದ್ದೇ ಹೇಳಲಾರರೆಂಬುದಕ್ಕೆ ಸಾಕ್ಷಿ. ಎರಡು, ಕಾದದ್ದಕ್ಕೆ ತೂಕವಿರಬೇಕು. ಕಾದಷ್ಟೂ ಕೆಲಸದ ತೂಕವು ತಾನಾಗಿ ಏರುತ್ತ, ಒಂದು ದಿನ ಅದು ಎಲ್ಲ ಸಣ್ಣ ಕೆಲಸಗಳನ್ನೂ ಮೀರಿ ನಿಲ್ಲುವಂತಿರಬೇಕು. ಗಣಕಯಂತ್ರಗಳೊಳಗೆ ಕೆಲಸಗಳನ್ನು ಸಾಲಿಡುವವರು ಈ ಉಪಾಯವನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಯಂತ್ರಕ್ಕೆ ಕಲಿಸಿದ ಈ ಮರ್ಯಾದೆಯನ್ನು ಮನುಷ್ಯರು ತಾವು ನಡೆಸಲಾರೆವೆನ್ನುವುದು ಯೋಗ್ಯವಲ್ಲ.

ಇದಕ್ಕೆ ಬೆಲೆಯುಂಟೆಂಬುದನ್ನು ಮರೆಮಾಚಬಾರದು. ನಮ್ಮ ಅಚ್ಚುಕೂಟದಲ್ಲಿ ವಾರಕ್ಕೆ ಎರಡು ದಿನಗಳನ್ನು ಆ ಪುಸ್ತಕಕ್ಕೆಂದು ಮೀಸಲಿಟ್ಟಿದ್ದರೆ ಹತ್ತು ವಾರಗಳಲ್ಲಿ, ಹೇಳಿದ ಮೂರು ತಿಂಗಳೊಳಗೇ, ಅದು ಮುಗಿಯುತ್ತಿದ್ದಿತು. ಆ ಎರಡು ದಿನಗಳಲ್ಲಿ ಬಂದ ಪತ್ರಿಕೆಗಳವರು ಒಂದೆರಡು ದಿನ ಹೆಚ್ಚಾಗಿ ಕಾಯಬೇಕಾಗುತ್ತಿದ್ದಿತು. ಒಬ್ಬಿಬ್ಬರು ಮುನಿದು ಬೇರೆ ಊರಿಗೆ ಹೋಗುತ್ತಿದ್ದರು. ಬಹುಶಃ ನಾನೂ ತಂಗಿಯ ಪತ್ರಿಕೆಗಾಗಿ ಮುನಿಯುತ್ತಿದ್ದೆ. ಆ ನಷ್ಟವನ್ನು ಯಜಮಾನರೂ ನಾವೂ ಹಂಚಿಕೊಳ್ಳಬೇಕಾಗಿದ್ದಿತು. ಹಂಚಿಕೊಳ್ಳಲಿಲ್ಲ, ಎಲ್ಲವನ್ನೂ ಮೇಷ್ಟ್ರ ಮೇಲೆ ಹೊರಿಸಿದೆವು. ಅವರು ಗದ್ದಲಮಾಡುವವರಲ್ಲವೆಂಬುದೇ ಅದಕ್ಕೆ ಕಾರಣವಾಗಿರಬೇಕೆಂದು ಈಗ ಅನ್ನಿಸುತ್ತದೆ.

ಅಚ್ಚುಕೂಟವನ್ನೇ ಏಕೆ ದೂರಬೇಕು? ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಯಾರೆಂಬುದನ್ನು ನೋಡಿದರೆ ಸಾಕು. ಮಕ್ಕಳಿಗೆ ಶಾಲೆಯ ಹೊತ್ತು, ಗಂಡಸರಿಗೆ ಕಚೇರಿಯ ಹೊತ್ತು, ಹಿರಿಯರಿಗೆ ಔಷಧದ ಹೊತ್ತು. ಆ ದಿನದ ಮಟ್ಟಿಗೆ ಒಂದೊಂದೂ ತಕ್ಕ ಕಾರಣವೇ. ಆದರೆ ಪ್ರತಿದಿನವೂ ಕೊನೆಯ ಎಲೆ ಒಬ್ಬಳದೇ ಆದರೆ ಅದನ್ನು ಆ ದಿನದ ಕಾರಣದಿಂದ ಸಮರ್ಥಿಸಲಾಗದು. ಇಂದಿನ ಸರದಿ ಸರಿಯಾಯಿತೇ ಎಂದು ಕೇಳಿಕೊಳ್ಳುವವರು ವರ್ಷಕ್ಕೊಮ್ಮೆಯಾದರೂ, ಯಾವಾಗಲೂ ಹಿಂದೆಯೇ ನಿಂತವರು ಯಾರು ಎಂದೂ ಕೇಳಿಕೊಳ್ಳಬೇಕು. ಮೇಷ್ಟ್ರು ಸಂತೆಯ ದಿನ ಬಂದು ಕುಳಿತಿದ್ದ ಆ ಬೆಂಚಿನ ಬಳಿಗೆ ನಮ್ಮಲ್ಲಿ ಒಬ್ಬರಾದರೂ ಎದ್ದುಹೋಗಿ, “ನಿಮಗೆ ಇದು ಯಾವಾಗ ಬೇಕು?” ಎಂದು ವಿಚಾರಿಸಿದ್ದರೆ, ಯಾವ ಸೂತ್ರದ ಸಹಾಯವೂ ಇಲ್ಲದೆ ನಮ್ಮ ಸಾಲು ತಿದ್ದಿಕೊಳ್ಳುತ್ತಿದ್ದಿತು.