ಎರವಲು ಕೊಟ್ಟ ಆಟಗಾರ

ಎದುರು ತಂಡಕ್ಕೆ ಆಟಗಾರರು ಕಡಿಮೆ ಬಿದ್ದರೆ ನಮ್ಮವರಲ್ಲೊಬ್ಬನನ್ನು ಕಳಿಸಿಕೊಡುವುದು ಹವ್ಯಾಸಿ ರಗ್ಬಿಯಲ್ಲಿ ಮಾಮೂಲು. ಯಾರಿಗೋ ಆಫೀಸಿನಿಂದ ಕರೆ ಬರುತ್ತದೆ, ಯಾರದೋ ಬೈಕು ಕೈಕೊಡುತ್ತದೆ, ಮೊದಲ ಪಂದ್ಯದಲ್ಲೇ ಇನ್ಯಾರದೋ ಕಾಲು ಉಳುಕುತ್ತದೆ. ಆಗ ನಮ್ಮ ಬದಲಿ ಆಟಗಾರ ಅವರ ಜೆರ್ಸಿ ತೊಟ್ಟು ನಮ್ಮೆದುರೇ ನಿಲ್ಲುತ್ತಾನೆ. ಇದನ್ನು ಎಲ್ಲರೂ ಸೌಜನ್ಯ ಎನ್ನುತ್ತಾರೆ. ಆ ಜೆರ್ಸಿಯೊಳಗೆ ಅವನು ಎಷ್ಟು ಆಡಬೇಕು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಏಳು ಜನರ ಆಟದಲ್ಲಿ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಪುಟ್ಟ ಊರಿನಲ್ಲಿ, ಕ್ಲಬ್ಬಿಗೆ ಹಣ ಕೂಡಿಸಲೆಂದು ಹುಟ್ಟಿದ ಆಟ ಇದು; ಮಾಂಸದ ಅಂಗಡಿಯಲ್ಲಿ ದುಡಿಯುತ್ತಿದ್ದ ನೆಡ್ ಹೇಗ್ ಎಂಬವನಿಗೆ ಹೊಳೆದದ್ದು. ಹದಿನೈದು ಜನರ ಪಂದ್ಯಗಳನ್ನು ಒಂದೇ ದಿನ ಸಾಲಾಗಿ ಆಡಿಸಲಾಗದು, ಏಳು ಜನರದಾದರೆ ಆದೀತು. ಜನರನ್ನು ಅರ್ಧಕ್ಕಿಂತ ಕಡಿಮೆ ಮಾಡಿದರೂ ಮೈದಾನ ಇಂದಿಗೂ ಅದೇ: ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಏಳೇಳು ನಿಮಿಷದ ಎರಡು ಅರ್ಧ. ಹದಿನೈದರಲ್ಲಿ ಒಬ್ಬ ಇಲ್ಲದಿದ್ದರೆ ಉಳಿದವರು ಹೇಗೋ ಮುಚ್ಚಿಕೊಳ್ಳುತ್ತಾರೆ. ಏಳರಲ್ಲಿ ಒಬ್ಬ ಇಲ್ಲದಿದ್ದರೆ ಒಂದು ಬದಿ ಬಾಗಿಲು ತೆರೆದಿಟ್ಟ ಮನೆ. ಅಂಥ ಮನೆಗೆ ನುಗ್ಗಿ ಅಂಕ ಬಾಚಿಕೊಳ್ಳುವುದರಲ್ಲಿ ಖುಷಿಯಿಲ್ಲ. ಹಾಗಾಗಿ ಎರವಲು ಕೊಡುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ಆಡಲು ನಮಗೂ ಎದುರಾಳಿ ಬೇಕು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ನಡೆದ ಒಂದು ದಿನದ ಟೂರ್ನಿಯಲ್ಲಿ ನಾವು ಹೀಗೆ ಕಳಿಸಿದ್ದು ತಂಡದ ಅತಿ ಕಿರಿಯನನ್ನು. ಎರಡನೇ ವರ್ಷದ ಬಿ.ಕಾಂ. ಹುಡುಗ. ಪೂಲಿನ ಕೊನೆಯ ಪಂದ್ಯ. ಗೆದ್ದವರು ಕಪ್ ಸೆಮಿಫೈನಲ್ಲಿಗೆ, ಸೋತವರು ಪ್ಲೇಟಿಗೆ. ಎರಡೂ ಕಡೆ ಎರಡೆರಡು ಟ್ರೈ. ಅವರು ಎರಡೂ ಕನ್ವರ್ಷನ್ ಹೊಡೆದಿದ್ದರು, ನಾವು ಒಂದನ್ನು ತಪ್ಪಿಸಿದ್ದೆವು. 14–12. ಸಮಯ ಮುಗಿದು ಕೊನೆಯ ಓಟ ನಡೆಯುತ್ತಿದ್ದಾಗ ಎಡ ಅಂಚಿನಲ್ಲಿ ಚೆಂಡು ನನ್ನ ಕೈಗೆ ಬಂತು. ಗೆರೆಗೆ ಐದು ಮೀಟರ್ ಇದ್ದಿರಬಹುದು. ಒಳಕ್ಕೆ ಹೆಜ್ಜೆ ಕಿತ್ತಿಟ್ಟೆ. ಅವನು ಅಲ್ಲೇ ಕಾಯುತ್ತಿದ್ದ. ಸೊಂಟಕ್ಕೆ ಭುಜ ಕೊಟ್ಟು ನನ್ನನ್ನು ಟಚ್ ಗೆರೆಯಾಚೆ ಕೊಂಡೊಯ್ದು ಕೆಡವಿದ. ಪಂದ್ಯ ಮುಗಿಯಿತು.

ಸರಿಯಾದ ಟ್ಯಾಕಲ್, ರೆಫರಿಗೆ ಹೇಳುವಂಥದ್ದೇನೂ ಇರಲಿಲ್ಲ. ಆದರೆ ನೀರಿನ ಕ್ಯಾನಿನ ಹತ್ತಿರ ಮಾತು ಬೆಳೆಯಿತು.

"ಲೋ, ಯಾರ ಕಡೆಯವನೋ ನೀನು?"

"ಅಣ್ಣಾ, ಆಗ ಅವರ ಕಡೆ ಇದ್ನಲ್ಲ."

ಇನ್ನೊಬ್ಬರ ಆಕ್ಷೇಪ ಸ್ವಲ್ಪ ಸೂಕ್ಷ್ಮವಾಗಿತ್ತು. ಓಡುವುದು ಸರಿ, ಚೆಂಡು ಹಿಡಿಯುವುದು ಸರಿ. ಆದರೆ ನಾನು ಅಂಚಿನಲ್ಲಿ ಯಾವಾಗಲೂ ಒಳಕ್ಕೇ ತಿರುಗುತ್ತೇನೆಂಬುದು ಅವನಿಗೆ ನಮ್ಮ ಅಭ್ಯಾಸದಲ್ಲಿ ತಿಳಿದದ್ದು. ನಮ್ಮಲ್ಲಿ ಕಲಿತದ್ದನ್ನು ನಮ್ಮ ಮೇಲೇ ಬಳಸಬಹುದೇ? ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೂ ವ್ಯತ್ಯಾಸವೊಂದಿದೆ. ನಮ್ಮ ಸಂಕೇತಗಳನ್ನು ಅವನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಅದು ಬಾಯಿಯ ಮಾತು, ತಡೆದು ಹಿಡಿಯಬಹುದು. ಮೂರು ತಿಂಗಳು ವಾರಕ್ಕೆರಡು ಸಂಜೆ ನನ್ನನ್ನೇ ಹಿಡಿದು ಕೆಡವಿದ ಮೈಗೆ ಗೊತ್ತಿರುವುದನ್ನು ಬ್ಯಾಗಿನಲ್ಲಿ ಬಿಚ್ಚಿಟ್ಟು ಬರಲಾಗುವುದಿಲ್ಲ.

ನಮ್ಮವರು ಬಯಸಿದ್ದು ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ ಇರಲಿ ಎಂದು. ಬೀದಿಯಾಟದಲ್ಲಿ ಚಿಕ್ಕ ಮಕ್ಕಳಿಗೆ ಕೊಡುವ ಜಾಗ ಅದು. ಅಲ್ಲಿ ಅದು ಪ್ರೀತಿ, ಯಾಕೆಂದರೆ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಎದುರು ತಂಡದ ಆರು ಜನರಿಗೆ ಗೊತ್ತಿಲ್ಲದಂತೆ ಅವರ ಏಳನೆಯವನನ್ನು ಲೆಕ್ಕದಿಂದ ತೆಗೆದುಬಿಡುವುದು. ಬರ್ನಾರ್ಡ್ ಸೂಟ್ಸ್ 1978ರ 'ದಿ ಗ್ರಾಸ್‌ಹಾಪರ್'ನಲ್ಲಿ ಆಟವನ್ನು, ಅಗತ್ಯವಿಲ್ಲದ ಅಡ್ಡಿಗಳನ್ನು ನಾವೇ ಒಪ್ಪಿ ದಾಟಲು ಹೊರಡುವುದು ಎಂದು ವಿವರಿಸುತ್ತಾನೆ. ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದೊಯ್ದು ಕುಳಿಗೆ ಹಾಕಬಹುದು, ಯಾರೂ ಹಾಕುವುದಿಲ್ಲ. ಆ ಕ್ಷಣದಲ್ಲಿ ನನ್ನ ಅಡ್ಡಿ ಆ ಹುಡುಗ. ಅವನು ಸುಮ್ಮನೆ ಸರಿದುಕೊಂಡಿದ್ದರೆ ನಾನು ಚೆಂಡನ್ನು ಕೈಯಲ್ಲಿ ಕೊಂಡೊಯ್ದು ಕುಳಿಗೆ ಹಾಕಿದಂತೆಯೇ ಆಗುತ್ತಿತ್ತು, ಅದೂ ನನಗೇ ತಿಳಿಯದಂತೆ.

ಎರವಲು ಹೋಗಿ ಅರೆಮನಸ್ಸಿನಿಂದ ಆಡಿದವನೆಂದರೆ ನೆನಪಾಗುವುದು ಶಲ್ಯ. ಪಾಂಡವರ ಕಡೆಗೆ ಹೊರಟವನು ದಾರಿಯಲ್ಲಿ ದುರ್ಯೋಧನನ ಸತ್ಕಾರಕ್ಕೆ ಕಟ್ಟುಬಿದ್ದು ಕೌರವರ ಪಾಲಾದ, ಕರ್ಣನ ರಥದಲ್ಲಿ ಕೂತ. ಕುದುರೆ ನಡೆಸುವುದರಲ್ಲಿ ಅವನು ಕೊರತೆ ಮಾಡಲಿಲ್ಲ. ಚುಚ್ಚುಮಾತಿನಿಂದ ಕರ್ಣನ ಎದೆಗುಂದಿಸಿದ. ನಾವು ಶಲ್ಯನನ್ನು ಬೈದು ಮುಗಿಸುತ್ತೇವೆ. ಹಾಗೆ ಮಾಡೆಂದು ಕೇಳಿಕೊಂಡವನು ಧರ್ಮರಾಯ ಎಂಬುದನ್ನು ಮರೆಯುತ್ತೇವೆ. ನೀರಿನ ಕ್ಯಾನಿನ ಹತ್ತಿರ ನಡೆದ ಜಗಳದಲ್ಲಿ ನನಗೆ ಕೇಳಿಸಿದ್ದು ಅದೇ ಕೋರಿಕೆ, ತಡವಾಗಿ.

ನನ್ನ ಪಿಎಚ್.ಡಿ. ಕೆಲಸ ದಾನಶಾಸನಗಳ ಮೇಲೆ. ಶಾಸನದ ಕೊನೆಯ ಶಾಪಾಶಯದ ಸಾಲುಗಳನ್ನು ಓದುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ಎಲ್ಲೆಡೆ ಒಂದೇ ಥರ ಇರುತ್ತವೆಂದು. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ, ಇತ್ಯಾದಿ. ಮತ್ತೆ ಮತ್ತೆ ಬರುವ ಶ್ಲೋಕವೊಂದರಲ್ಲಿ ಮೊದಲ ಹೆಸರು ಕಳ್ಳನದ್ದಲ್ಲ, ಶತ್ರುವಿನದ್ದಲ್ಲ: ತಾನೇ ಕೊಟ್ಟದ್ದನ್ನು ಕಸಿಯುವವನದ್ದು. ಪರರು ಕೊಟ್ಟದ್ದು ಆಮೇಲೆ. ಕೊಟ್ಟವನ ಕೈ ಕೊಟ್ಟ ವಸ್ತುವಿನ ಮೇಲೇ ಉಳಿದುಬಿಡುತ್ತದೆ ಎಂಬುದು ಕಲ್ಲು ಬರೆಸಿದವರಿಗೆ ಗೊತ್ತಿತ್ತು. ನಾವು ಹುಡುಗನನ್ನು ಕೊಟ್ಟಿದ್ದು ಹದಿನಾಲ್ಕು ನಿಮಿಷಕ್ಕೆ. ಅಷ್ಟಕ್ಕೂ ಕೈ ಬಿಡಲಾಗಲಿಲ್ಲ.

ಪ್ಲೇಟ್ ಪಂದ್ಯದ ಹೊತ್ತಿಗೆ ಅವನು ಮತ್ತೆ ನಮ್ಮ ಜೆರ್ಸಿಯಲ್ಲಿದ್ದ. ಸೊಂಟ ಹಿಡಿದುಕೊಂಡಿದ್ದರಿಂದ ನಾನು ಐಸ್ ಒತ್ತಿಕೊಂಡು ಹೊರಗೆ ಕೂತಿದ್ದೆ, ಎಲ್ಲವೂ ಕಾಣುತ್ತಿತ್ತು. ಬಲ ಅಂಚಿನಲ್ಲಿ ಅವನು ಕೈ ಎತ್ತಿ ನಿಂತೇ ಇದ್ದ. ಮೊದಲ ಅರ್ಧದ ಏಳೂ ನಿಮಿಷ ಚೆಂಡು ಅತ್ತ ಹೋಗಲೇ ಇಲ್ಲ. ಬೇಕೆಂದೇ ಮಾಡಿದರೆನ್ನಲಾರೆ, ಕಾಲುಗಳು ತಾವೇ ಎಡಕ್ಕೆ ಹೊರಳುತ್ತಿದ್ದವು. ಆರೇ ಜನ ಆಡಿದಂತಾಗಿ ಹತ್ತು ಅಂಕ ಹಿಂದೆ ಬಿದ್ದಿದ್ದೆವು. ವಿರಾಮದಲ್ಲಿ ಕ್ಯಾಪ್ಟನ್ ಯಾರನ್ನೂ ಬೈಯಲಿಲ್ಲ. ಹುಡುಗನನ್ನು ಅಂಚಿನಿಂದ ಕರೆದು ನಡುವಿನಲ್ಲಿ ನಿಲ್ಲಿಸಿದರು. ಅಲ್ಲಿ ಚೆಂಡು ಅವನ ಕೈ ದಾಟದೆ ಆ ಬದಿಯಿಂದ ಈ ಬದಿಗೆ ಹೋಗುವಂತಿರಲಿಲ್ಲ.